ನನ್ನ ಪಾಳಿಯ ಉಸಿರು

ಮೈಮೇಲೆ ಬರುವುದು, ಕಣ್ಣು ತಾಗುವುದು ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ನರ್ಸ್ ಕೆಲಸಕ್ಕೆಂದು ಊರೂರು ತಿರುಗುವಾಗ ತಾಯಿತ ಕಟ್ಟಿಕೊಂಡ ಬಾಣಂತಿಯರನ್ನು ಬೈದು ಬೈದು ನನ್ನ ಗಂಟಲು ಒಣಗಿದೆ. ಹಾಗಾಗಿ ಇದನ್ನು ಬರೆಯಲು ನನಗೇ ನಾಚಿಕೆ. ನಾಚಿಕೆಗಿಂತ ಹೆಚ್ಚಾಗಿ ಅಸಹ್ಯ, ಅದೂ ನನ್ನ ಮೇಲೆಯೇ.

ತೊಂಬತ್ತರ ದಶಕದ ಆರಂಭ. ಹುಟ್ಟಿದ ಕೂಡಲೇ ಅಳದ ಕೂಸನ್ನು ಉಳಿಸುವುದು ಹೇಗೆಂದು ಕಲಿಸಲು ನಮ್ಮನ್ನೆಲ್ಲ ಲಿಂಗಸುಗೂರಿಗೆ ಕರೆಸಿದ್ದರು. ಮೂರು ದಿನದ ತರಬೇತಿ, ಕಡು ಬೇಸಿಗೆ, ಇದ್ದದ್ದು ಒಂದೇ ರಬ್ಬರ್ ಗೊಂಬೆ. ಕೂಸಿನ ಬಾಯಿಯ ಲೋಳೆಯ ಬದಲು ಗೊಂಬೆಯ ಬಾಯಿಗೆ ಅನ್ನದ ಗಂಜಿ ಸುರಿಯುತ್ತಿದ್ದರು. ನಳಿಕೆಯ ಒಂದು ತುದಿ ಗೊಂಬೆಯ ಬಾಯಲ್ಲಿ, ಇನ್ನೊಂದು ನಮ್ಮ ಬಾಯಲ್ಲಿ. ನಾವು ಎಳೆದರೆ ಗಂಜಿ ನಡುವಿನ ಡಬ್ಬಿಗೆ ಬೀಳಬೇಕು. ಆಮೇಲೆ ಗೊಂಬೆಯ ಬಾಯಿ ಮೂಗು ಎರಡನ್ನೂ ನಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಊದಬೇಕು. ಒಬ್ಬೊಬ್ಬರೂ ಐದು ಸಲ ಮಾಡಿ ಹಾಳೆಗೆ ಸಹಿ ಹಾಕಬೇಕು.

ಮುಂಜಾನೆಯ ಗಂಜಿ ಮಧ್ಯಾಹ್ನದ ಹೊತ್ತಿಗೆ ಹುಳಿ ಹಿಡಿದು ನಾರುತ್ತಿತ್ತು. ಅಷ್ಟೂ ಜನರ ಎಂಜಲು ಹತ್ತಿದ ಆ ಬಾಯಿಗೆ ನೊಣಗಳು ಮುತ್ತುತ್ತಿದ್ದವು. ಸ್ಪಿರಿಟ್ ಬಟ್ಟೆಯಿಂದ ಒರೆಸಿದರೆ ವಾಸನೆಗೆ ವಾಸನೆ ಕೂಡಿ ಇನ್ನಷ್ಟು ಹೇಸಿಗೆ. ನನ್ನ ಪಾಳಿ ಬರುವ ಮೊದಲೇ ಹೊರಗೆ ಓಡಿ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ.

ನನ್ನ ಪಕ್ಕ ಕೂರುತ್ತಿದ್ದವಳು ಜವಳಗೇರಾ ಕಡೆಯ ನರ್ಸ್ ಶರಣಮ್ಮ. ನನ್ನ ಹಿಂದೆಯೇ ನೀರು ತಂದು, “ನಿನ್ನ ಪಾಳಿನೂ ನಾನ ಮಾಡ್ತೀನಿ, ನೀ ಸುಮ್ನ ಇಲ್ಲೇ ಕೂಡು” ಅಂದಳು. ಕಲಿಸುವವರು ತಲೆ ಎತ್ತದೆ ಹೆಸರು ಕೂಗುತ್ತಿದ್ದರು. ನನ್ನ ಹೆಸರಿಗೂ ಅವಳೇ ಎದ್ದು ಹೋದಳಂತೆ. ಕೊನೆಗೆ ನಾನು ಒಳಗೆ ಹೋಗಿ ಸಹಿ ಹಾಕಿದೆ, ಅಷ್ಟೆ. ಗೊಂಬೆಯನ್ನು ಮುಟ್ಟಲೂ ಇಲ್ಲ.

ಎರಡು ವರ್ಷದ ನಂತರ ಒಂದು ದಿನ ಲಸಿಕೆ ಹಾಕಲು ಮಸ್ಕಿ ಹತ್ತಿರದ ಹಳ್ಳಿಗೆ ಹೋಗಿದ್ದೆ. ಆ ಊರಿನ ಸೂಲಗಿತ್ತಿ ಗಂಗವ್ವ ಓಡಿ ಬಂದು ನನ್ನನ್ನು ಮನೆಗೆ ಕರೆದೊಯ್ದಳು. ಹೆರಿಗೆ ಅವಳ ಸ್ವಂತ ಮಗಳದು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಈ ಸಲದ್ದು ಹೆಣ್ಣು, ನೀಲಿಗಟ್ಟಿ ಜೋತುಬಿದ್ದಿತ್ತು, ಬಾಯಿ ತುಂಬ ಹಸಿರು ಲೋಳೆ. ನನಗೆ ಓಕರಿಕೆ ಬಂತು. ಗಂಗವ್ವ ಕೂಸನ್ನು ನನ್ನ ಕೈಗೆ ಹಾಕಿ, “ನೀವು ಕಲತು ಬಂದೀರಿ, ಏನರ ಮಾಡ್ರಿ ನರ್ಸಬಾಯಾರ” ಅಂದಳು.

ನಾನು ಕಲಿತದ್ದು ಸಹಿ ಹಾಕುವುದನ್ನು ಮಾತ್ರ. ಆದರೆ ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಎರಡು ವರ್ಷದಿಂದ ಚೀಲದಲ್ಲಿದ್ದ ನಳಿಕೆಯ ಪಾಕೀಟು ಹರಿದವು, ಕೂಸಿನ ಕತ್ತನ್ನು ಬೇಕಾದಷ್ಟೇ ಹಿಂದಕ್ಕೆ ಬಾಗಿಸಿದವು. ನಳಿಕೆ ಎಳೆದಾಗ ನನ್ನ ಬಾಯಿಗೆ ಬಂದದ್ದು ಹುಳಿ ಗಂಜಿಯ ರುಚಿ. ಆ ಮನೆಯಲ್ಲಿ ಗಂಜಿ ಎಲ್ಲಿಂದ ಬರಬೇಕು? ಊದಿದೆ, ಬಿಟ್ಟೆ, ಮತ್ತೆ ಊದಿದೆ. ಐದನೆಯದಕ್ಕೆ ಕೂಸು ಅತ್ತಿತು.

ಗಂಗವ್ವ ನನ್ನ ಕಾಲು ಹಿಡಿಯಲು ಬಂದಳು. ನಾನು ಸೆರಗಿನಿಂದಲೇ ಕೂಸಿನ ಬಾಯಿ ಒರೆಸುತ್ತ “ಏಳ ನನ ಬಂಗಾರ, ಏಳ” ಅನ್ನುತ್ತಿದ್ದೆನಂತೆ. ನೋಡಿದರೆ ಸೆರಗೆಲ್ಲ ಹಸಿರು. ಸೆರಗಿಗೆ ಸಾರಿನ ಕಲೆ ತಾಗಿದರೂ ಸಿಡುಕುವ ನನಗೆ ಹಾಗೆ ಮಾಡಿದ ನೆನಪೇ ಇರಲಿಲ್ಲ. ಆ ಸೀರೆಯನ್ನು ಮತ್ತೆ ಉಡಲಾಗಲಿಲ್ಲ.

ತಿಂಗಳಾದ ಮೇಲೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಶರಣಮ್ಮ ಸಿಕ್ಕಳು. ಮುಖ ಇಳಿದಿತ್ತು. ಇದನ್ನೆಲ್ಲ ಸಂಭ್ರಮದಿಂದ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

“ಗೊರೇಬಾಳದಾಗ ಒಂದು ಕೂಸು ನನ್ನ ಕೈಯಾಗ ಹೋತು. ಹತ್ತು ಸಲ ಮಾಡಿದಾಕಿ ನಾ, ಕೈನ ಏಳಲಿಲ್ಲ. ಮೊದಲು ಏನು ಮಾಡಬೇಕು ಅನ್ನೂದೂ ಹೊಳೀಲಿಲ್ಲ. ನಿನ್ನ ಪಾಳಿ ಮಾಡೂಮುಂದ ಆ ಗೊಂಬಿಗೆ ‘ಏಳ ನನ ಬಂಗಾರ’ ಅಂತ ಸೆರಗಿಲೆ ಒರಸಿ ಬೈಸಿಕೊಂಡಿದ್ದೆ ನೋಡು, ಅದೊಂದ ನೆನಪೈತಿ.”



ಅಭ್ಯಾಸ ತಪ್ಪಿದರೆ ಕೈಗೆ ಮರೆವು ಬರುತ್ತದೆ ಎಂದು ಡಾಕ್ಟರೊಬ್ಬರು ಆಮೇಲೆ ಹೇಳಿದರು. ಒಪ್ಪಿದೆ. ಮುಟ್ಟದೇ ಇದ್ದವಳ ಕೈಗೆ ನೆನಪು ಎಲ್ಲಿಂದ ಬಂತೆಂದು ಕೇಳಿದರೆ ಅವರು ನಕ್ಕರು. ಗಂಗವ್ವನ ಮೊಮ್ಮಗಳು ದೊಡ್ಡವಳಾಗಿದ್ದಾಳೆ, ಕಂಡಾಗಲೆಲ್ಲ ಬಂದು ಕೈ ಹಿಡಿಯುತ್ತಾಳೆ. ನನ್ನ ಬಾಯಿ ಹುಳಿಯಾಗುತ್ತದೆ. ಯಾಕೋ, ಇಂದಿಗೂ ನನಗೆ ತಿಳಿದಿಲ್ಲ.

ಗಂಗವ್ವನ ಮನೆಯಲ್ಲಿ ನಡೆದದ್ದನ್ನು ಆ ದಿನ ಶರಣಮ್ಮನಿಗೆ ನಾನು ಹೇಳಲಿಲ್ಲ. ಅಷ್ಟರಲ್ಲಿ ಮಸ್ಕಿ ಬಸ್ ಬಂತು. ಅದು ನನ್ನ ಬಸ್, ಅವಳದಲ್ಲ. ಆದರೂ ಕಣ್ಣೊರೆಸಿಕೊಂಡು ಅವಳೇ ಗದ್ದಲದಲ್ಲಿ ನುಗ್ಗಿ ನನಗೆ ಸೀಟು ಹಿಡಿದಳು. ನಾನು ಹೋಗಿ ಕುಳಿತೆ.