ಹೆಲ್ಮೆಟ್ಟಿನ ಹಿಂದೆ ಬಿದ್ದ ಪೆಟ್ಟು

ಸೂರತ್ತಿನ ವರಾಛಾದಲ್ಲಿರುವ ನಮ್ಮ ಹೋಟೆಲಿನ ಎದುರು ಚಪ್ಪಲಿ ಹೊಲಿಯುವವನೊಬ್ಬ ಕೂರುತ್ತಾನೆ. ಮೊನ್ನೆ ಆತ ಹಳೆಯ ಚರ್ಮದ ಚೀಲವೊಂದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದ. ಒಗ್ಗರಣೆಯ ಘಮವನ್ನೂ ದಾಟಿ ಆ ಜಿಡ್ಡು ವಾಸನೆ ಗಲ್ಲಾದವರೆಗೆ ಬಂತು ನೋಡಿ, ನನ್ನ ಎಡಗೈ ತಾನಾಗಿಯೇ ಎದೆಯ ಮುಂದೆ ಬಂದು ನಿಂತಿತು. ಬಿಲ್ಲು ಕೊಡಲು ಬಂದಿದ್ದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದರು. ನಿಮಗೆ ನಗು ಬರಬಹುದು. ಆದರೆ ಅದು ಹಿಂದೊಮ್ಮೆ ಗುರಾಣಿ ಹಿಡಿದ ಕೈ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತಷ್ಟೆ. ನಾನಾಗ ವಡೋದರಾದಲ್ಲಿ, ಸೋದರಮಾವನ ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್. ಎಡಗೈ ಮೇಲೆ ನಾಲ್ಕು ದೋಸೆ ತಟ್ಟೆ, ಬಾಯಲ್ಲಿ ಸದಾ ‘ಸಾರಿ’. ಸಾಂಬಾರು ಆರಿದ್ದರೆ ಸಾರಿ, ಗಿರಾಕಿಯ ಮಗು ನೀರು ಚೆಲ್ಲಿದರೂ ಸಾರಿ. ಇಪ್ಪತ್ತನಾಲ್ಕು ತುಂಬುವಷ್ಟರಲ್ಲಿ, ನನ್ನದಲ್ಲದ ತಪ್ಪಿಗೆ ಕ್ಷಮೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಆ ಊರಲ್ಲಿ ಯಾರೂ ಇರಲಿಲ್ಲ.

ದಿನಾ ಬೆಳಿಗ್ಗೆ ಕಾಫಿಗೆ ಬರುತ್ತಿದ್ದ, ನಾವೆಲ್ಲ ಕಾಕಾ ಅನ್ನುತ್ತಿದ್ದ ಗುಜರಾತಿ ಹಿರಿಯರು, ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸಿ ನಿವೃತ್ತರಾದವರು. ಭಾನುವಾರಗಳಂದು ಹಳೆಯ ಅಖಾಡವೊಂದರ ಅಂಗಳದಲ್ಲಿ ಏಳೆಂಟು ಮಂದಿಗೆ ಕತ್ತಿ, ಗುರಾಣಿ ಕಲಿಸುತ್ತಿದ್ದರು. ನಾಲ್ಕು ತಟ್ಟೆ ಹೊತ್ತರೂ ಅಲುಗದ ನನ್ನ ಎಡಗೈ ನೋಡಿ, ನೀನೂ ಬಾ ಎಂದರು. ಕತ್ತಿ ಎಂದರೆ ಚರ್ಮ ಸುತ್ತಿದ ದಪ್ಪ ಬೆತ್ತ. ಮೈಗೆ ಹತ್ತಿ ತುಂಬಿ ಹೊಲಿದ ಅಂಗಿ, ಅದರ ಮೇಲೆ ತಗಡಿನ ಪಟ್ಟಿಗಳು. ತಲೆಗೆ ಕಾಕಾ ತಾವೇ ತಯಾರಿಸಿದ, ಮುಖಕ್ಕೆ ಜಾಲರಿಯಿದ್ದ ಉಕ್ಕಿನ ಹೆಲ್ಮೆಟ್. ಕೈಯಲ್ಲಿ ಹರಳೆಣ್ಣೆ ಕುಡಿದ ಚರ್ಮದ ಗುರಾಣಿ. ಇಷ್ಟನ್ನೂ ತೊಟ್ಟು ಮೊದಲ ದಿನ ನಿಂತ ನಾನು, ಆಳು ನೋಡಿದರೆ ಅಲಂಕಾರ, ಬಾಳು ನೋಡಿದರೆ ಬಾಯಿ ಬಡಕೊ. ಸಂಜೆ ಕುಂಟುತ್ತ ಬಂದವನನ್ನು ಕಂಡು ಮಾವ, “ಎಂತ ಮಾರಾಯ, ಪೆಟ್ಟು ತಿನ್ಲಿಕ್ಕೂ ಕ್ಲಾಸಿಗೆ ಹೋಗ್ಬೇಕಾ?” ಎಂದರು.

ಆ ಅಂಗಳದಲ್ಲಿ ಒಂದು ಕಟ್ಟಳೆಯಿತ್ತು. ಅಷ್ಟು ದಪ್ಪ ಅಂಗಿಯೊಳಗೆ ಪೆಟ್ಟು ನಿಜವಾಗಿ ತಾಗಿತೋ ಇಲ್ಲವೋ ಎಂಬುದು ತಿಂದವನಿಗೆ ಮಾತ್ರ ಗೊತ್ತು. ಹಾಗಾಗಿ ತೀರ್ಪುಗಾರರಿಲ್ಲ. ತಿಂದವನೇ ಕೈಯೆತ್ತಿ ಗುಜರಾತಿಯಲ್ಲಿ ‘ಲಾಗ್ಯು’, ತಾಗಿತು, ಅನ್ನಬೇಕು. ಹೊಡೆದವನು ಅಲ್ಲಿಯವರೆಗೆ ತುಟಿ ಬಿಚ್ಚಬಾರದು. ಬಿಚ್ಚಿದರೆ ಆ ಪೆಟ್ಟು ಲೆಕ್ಕಕ್ಕಿಲ್ಲ. ಎರಡು ವರ್ಷದಲ್ಲಿ ನಾನು ಎಷ್ಟು ಸಲ ಲಾಗ್ಯು ಅಂದೆನೋ ದೇವರೇ ಬಲ್ಲ. ನನ್ನ ಪೆಟ್ಟಿಗೆ ಯಾರೂ ಒಮ್ಮೆಯೂ ಹಾಗೆ ಅಂದಿರಲಿಲ್ಲ. ಯಾರಾದರೊಬ್ಬರ ಬಾಯಲ್ಲಿ ಆ ಒಂದು ಮಾತು ಕೇಳಬೇಕೆಂದು ನಾನು ಒಳಗೊಳಗೇ ಒದ್ದಾಡುತ್ತಿದ್ದೆ.

ಮೊದಲ ವರ್ಷ ನೇರ ಹೊಡೆತಗಳಲ್ಲೇ ಕಳೆಯಿತು. ಎರಡನೆಯ ವರ್ಷ ಕಾಕಾ ಹಿಂಬದಿಯ ಪೆಟ್ಟು ಹೇಳಿಕೊಟ್ಟರು. ಕತ್ತಿಯನ್ನು ಎದುರಾಳಿಯ ತಲೆಯ ಪಕ್ಕದಿಂದ, ಗುರಿ ತಪ್ಪಿತೇನೋ ಎಂಬಂತೆ ಆಚೆಗೆ ಸಾಗಿಸಬೇಕು. ಅಲ್ಲಿ ಮುಂಗೈ ತಿರುಗಿಸಿ, ಸೊಂಟವನ್ನು ಎಳೆದುಕೊಂಡರೆ ಕತ್ತಿ ವಾಪಸು ಬರುತ್ತ ಗುರಾಣಿಯ ಹಿಂದುಗಡೆಯಿಂದ ಹೆಲ್ಮೆಟ್ಟಿನ ಹಿಂಭಾಗಕ್ಕೆ ಬೀಳುತ್ತದೆ. ಹೇಳಲು ಸುಲಭ. ನನ್ನ ತೊಂದರೆ ಕಣ್ಣಿನದು. ಸಪ್ಲಾಯರನಾದವನು ಯಾವ ಟೇಬಲ್ಲಿಗೆ ಹೋಗಬೇಕೋ ಅದನ್ನು ಮೊದಲೇ ನೋಡಿ ಹೊರಡುತ್ತಾನೆ. ನಾನೂ ಎಲ್ಲಿ ಹೊಡೆಯಬೇಕೋ ಅಲ್ಲಿಗೇ ಕಣ್ಣು ನೆಟ್ಟು ಹೊರಡುತ್ತಿದ್ದೆ, ಅಲ್ಲಿ ಗುರಾಣಿ ಕಾದಿರುತ್ತಿತ್ತು. ಹೊಡೆಯುವ ಮುಂಚೆ ಆರ್ಡರ್ ತಗೊಳ್ತೀಯಲ್ಲೋ ಎಂದು ಕಾಕಾ ರೇಗಿಸುತ್ತಿದ್ದರು. ಖಾಲಿ ಅಡುಗೆಮನೆಯಲ್ಲಿ ಸೌಟು ಹಿಡಿದು ಅಭ್ಯಾಸ ಮಾಡಿದೆ, ಎರಡು ಬಲ್ಬು ಒಡೆದೆ.

ಅಷ್ಟರಲ್ಲಿ ಮಾವ ಸೂರತ್ತಿನಲ್ಲಿ ಇನ್ನೊಂದು ಹೋಟೆಲು ತೆರೆದು, ನೋಡಿಕೊಳ್ಳಲು ನನ್ನನ್ನು ಗೊತ್ತುಮಾಡಿದರು. ಸೋಮವಾರ ಹೊರಡಬೇಕು. ಹಿಂದಿನ ದಿನ ಅಂಗಳಕ್ಕೆ ಹೋಗಿ ವಿಷಯ ಹೇಳಿದೆ. ಕಾಕಾ ತಾವೇ ಹೆಲ್ಮೆಟ್ ಕಟ್ಟಿಕೊಂಡು ಎದುರು ನಿಂತರು. ಅರವತ್ತು ದಾಟಿದ ಅವರು ಶಿಷ್ಯರ ಪೆಟ್ಟಿಗೆ ಲಾಗ್ಯು ಅಂದದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಮೊದಲ ಮೂರು ಸುತ್ತು ನಾನೇ ಕೈಯೆತ್ತಿದೆ.

ನಾಲ್ಕನೆಯ ಸುತ್ತಿನಲ್ಲಿ ಕಣ್ಣನ್ನು ಅವರ ಎದೆಯ ತಗಡಿನ ಮೇಲೆ ಇಟ್ಟೆ, ಅಲ್ಲಿಂದ ಕದಲಿಸಲಿಲ್ಲ. ಕತ್ತಿ ಅವರ ಕಿವಿಯ ಪಕ್ಕದಿಂದ ಆಚೆ ಹೋಯಿತು, ಮುಂಗೈ ತಿರುಗಿತು, ಹಿಂದಿನಿಂದ ಠಣ್ಣೆಂದಿತು. ಆ ಕ್ಷಣಕ್ಕೇ ನನ್ನ ಬಾಯಿಂದ, ಎಷ್ಟೋ ವರ್ಷಗಳ ಅಭ್ಯಾಸ, “ಸಾರಿ ಕಾಕಾ” ಎಂದು ಬಿದ್ದುಬಿಟ್ಟಿತು. ನಾಲಿಗೆ ಕತ್ತರಿಸಿಕೊಳ್ಳಬೇಕು ಅನ್ನಿಸಿತು.

ಕಾಕಾ ಜಾಲರಿಯೊಳಗಿಂದಲೇ ಹೇಳಿದರು, “ತಪ್ಪು ಮಾಡಿದವನು ಸಾರಿ ಅನ್ನಬೇಕು. ನೀನು ಸರಿಯಾಗಿ ಹೊಡೆದೆ. ಬಾಯಿ ಬಿಟ್ಟೆ, ಆ ಪೆಟ್ಟು ಲೆಕ್ಕದಿಂದ ಹೋಯಿತು. ಮತ್ತೆ ಹೊಡಿ.”

ಏನು ಬರುತ್ತದೆಂದು ಈಗ ಅವರಿಗೆ ಗೊತ್ತು. ಗುರಾಣಿ ಹಿಂದಕ್ಕೆ ಸರಿಸಿ ಕಾಯುತ್ತಿದ್ದರು. ನಾನು ಒಮ್ಮೆ ಕಾಲಿಗೆ ಬೀಸಿದೆ. ಗುರಾಣಿ ಒಂದು ಗೇಣು ಕೆಳಗಿಳಿಯಿತು. ಆ ಒಂದು ಗೇಣು ಸಾಕಾಯಿತು. ಮತ್ತೆ ಠಣ್. ತುಟಿ ಕಚ್ಚಿಕೊಂಡು ನಿಂತೆ. ಕೆಳದುಟಿಯಿಂದ ರಕ್ತದ ರುಚಿ ಬಂತು. ಕತ್ತಿ ಬೀಸಿದ್ದಕ್ಕಿಂತ ಸುಮ್ಮನೆ ನಿಂತದ್ದೇ ಕಷ್ಟವಾಯಿತು, ನಂಬಿ.

ಕಾಕಾ ನಿಧಾನವಾಗಿ ಕೈಯೆತ್ತಿದರು. “ಲಾಗ್ಯು” ಎಂದರು. ಹೆಲ್ಮೆಟ್ ತೆಗೆದು, ಬೆವರು ಸುರಿಯುವ ಮುಖದಲ್ಲಿ ಬೀದಿಗೆಲ್ಲ ಕೇಳುವಂತೆ ಇನ್ನೊಮ್ಮೆ ಅಂದರು. ಅವರು ನನ್ನನ್ನು ತಬ್ಬಿಕೊಂಡಾಗ ತಗಡಿಗೆ ತಗಡು ಬಡಿದು, ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಈ ಕಥೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಇಲ್ಲ. ಜಂಬ ಕೊಚ್ಚುತ್ತಾನೆ ಅಂದಾರು ಎಂಬ ಸಂಕೋಚ. ಇವತ್ತು ನಿಮ್ಮೆದುರು ಪೂರ್ತಿ ಹೇಳಿ ಮುಗಿಸಿದ ಮೇಲೆ ನೋಡುತ್ತೇನೆ, ಇದು ಜಂಬವೇ ಹೌದು. ಕಾಕಾನ ತಲೆಗೆ ನಾನು ಹೊಡೆದೆ, ಒಂದಲ್ಲ, ಎರಡು ಸಲ ಹೊಡೆದೆ, ಅದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.