ಒಂದೇ ಡಬ್ಬಿಯ ಎರಡು ಬಣ್ಣದ ಗುಳಿಗೆಗಳು

ಕೊರೊನಾ ಗದ್ದಲ ಅಡಗಿದ ಮರುವರ್ಷದ ಮಾತು. ವಿಜಯಪುರದ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆಯಾ ಆಗಿದ್ದೆ. ಕಲಿತದ್ದು ನಾಲ್ಕನೇ ಇಯತ್ತೆ, ಮಾಡಿದ ಕೆಲಸ ಇಪ್ಪತ್ತಾರು ವರ್ಷ. ಚೀಟಿಯ ನಂಬರು ಕೂಗುವುದು, ಕಣ್ಣಿಗೆ ಹನಿ ಹಾಕುವುದು, ಯಂತ್ರದ ಮುಂದೆ ಕೂತವರ ತಲೆ ಅಲುಗದಂತೆ ಹಿಡಿಯುವುದು. ಈಗ ಎಲ್ಲ ಬಿಟ್ಟು ಮನೆಯಲ್ಲಿದ್ದೇನೆ. ತೊಡೆಯ ಮೇಲೆ ಮೊಮ್ಮಗಳಿದ್ದಾಳೆ, ಇನ್ನೂ ತಿಂಗಳು ತುಂಬಿಲ್ಲ. ಅವಳು ಮಲಗಿದಾಗ ಒಂದೊಂದು ಸಾಲು ಬರೆಯುತ್ತೇನೆ; ಎದ್ದಳೆಂದರೆ ಪೆನ್ನು ಎಲ್ಲಿ ಬಿತ್ತೆಂಬ ಖಬರೂ ಇರುವುದಿಲ್ಲ. ಈ ಬಂಗಾರ ನಮ್ಮ ಮನೆಗೆ ಬಂದದ್ದು ಒಂದು ಗುಳಿಗೆ ಡಬ್ಬಿಯ ದೆಸೆಯಿಂದ.

ಸುರೇಖಾ ನಮ್ಮಲ್ಲಿಗೆ ಬಂದಾಗ ಅವಳಿಗೆ ಮೂವತ್ತೊಂದು. ಕೊಟ್ಟದ್ದು ಬಬಲೇಶ್ವರಕ್ಕೆ, ಉಪಚಾರಕ್ಕೆಂದು ಕಳ್ಳಕವಟಗಿಯ ತವರಿಗೆ ಬಂದು ಉಳಿದಿದ್ದಳು. ಕಣ್ಣುಗುಡ್ಡೆಗಳು ಬೆದರಿದವರಂತೆ ಹೊರಗೆ ಬಂದಿದ್ದವು. ಮಲಗಿದರೂ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಜೊತೆಗೆ ತಾಯಿ ಸಾವಿತ್ರೆವ್ವ ಬಂದಿದ್ದಳು.

ನಮ್ಮ ಡಾಕ್ಟರ್ ಬಾಯಾರು ನನ್ನಂಥವಳಿಗೂ ತಿಳಿಯುವ ಹಾಗೆ ಹೇಳುತ್ತಿದ್ದರು. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಅದನ್ನು ಕೆಣಕಿದಾಗ, ಅದು ಬೇಕಾದ್ದಕ್ಕಿಂತ ಹೆಚ್ಚು ರಸ ಸುರಿಸುತ್ತದೆ. ಕೆಲವರಲ್ಲಿ ಅದೇ ಶಕ್ತಿ ಕಣ್ಣಿನ ಹಿಂದಿನ ಮಾಂಸವನ್ನೂ ಊದಿಸುತ್ತದೆ. ಗುಡ್ಡೆ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಈ ಗುಣ ಮನೆತನದ ರಕ್ತದಲ್ಲಿ ಬರಬಹುದು. ಬೀಡಿ ಹೊಗೆ, ರಕ್ತದ ಕೊಲೆಸ್ಟರಾಲ್, ಥೈರಾಯ್ಡ್ ಏರಿಳಿತ ಅದನ್ನು ಕೆರಳಿಸುತ್ತವೆ.

"ಮನ್ಯಾಗ ಮತ್ತ ಯಾರಿಗರ ಥೈರಾಯ್ಡ್ ಐತೇನವಾ?" ಎಂದು ಬಾಯಾರು ಕೇಳಿದರು.

"ಇಲ್ರೀ. ನಮ್ಮ ವಂಶದಾಗ ಯಾರಿಗೂ ಇಲ್ಲ," ಎಂದಳು ಸಾವಿತ್ರೆವ್ವ, ಪ್ರಶ್ನೆ ಮುಗಿಯುವ ಮೊದಲೇ.

"ಬೀಡಿ ಸೇದವ್ರು?"

"ಅದೂ ಇಲ್ರೀ."

ನಾನು ಸುರೇಖಾಳ ಗದ್ದ ಹಿಡಿದು ನಿಂತಿದ್ದೆ. ಅವಳ ಸೆರಗಿನ ಬೀಡಿ ವಾಸನೆ ನನ್ನ ಮೂಗಿಗೆ ಹೊಡೆಯುತ್ತಿತ್ತು. ಒಂದು ಸುಳ್ಳು ಹೇಳಿದವಳು ಇನ್ನೊಂದನ್ನೂ ಯಾಕೆ ಹೇಳಿರಬಾರದು ಎಂಬ ಹುಳ ಅಂದೇ ತಲೆ ಹೊಕ್ಕಿತು.

ಆರು ವಾರದ ಮೇಲೆ ಬಂದರು. ಗ್ರಂಥಿಯ ಡಾಕ್ಟರು ಬರೆದ ಗುಳಿಗೆಯಿಂದ ಇಳಿಯಬೇಕಾದ ಥೈರಾಯ್ಡ್ ಇನ್ನೂ ಏರಿತ್ತು. ಇಪ್ಪತ್ತೊಂದು ಮಿಲಿಮೀಟರ್ ಮುಂದೆ ಬಂದಿದ್ದ ಬಲಗಣ್ಣು ಇಪ್ಪತ್ಮೂರಕ್ಕೆ ಹೋಗಿತ್ತು. ಹನಿಯ ಬಾಟಲಿಗೆ ಕೆಂಪು ಬಿರಡೆ ಇರುತ್ತದೆ. ಬಾಯಾರು ಹೇಳಿದಂತೆ ಒಂದೊಂದೇ ಕಣ್ಣು ಮುಚ್ಚಿಸಿ ಅದನ್ನು ಅವಳ ಮುಂದೆ ಹಿಡಿದೆ. ಎಡಗಣ್ಣಿಗೆ ಕೆಂಪು ಎಂದಳು. ಬಲಗಣ್ಣಿಗೆ ಹಿಡಿದಾಗ "ಇಟ್ಟಂಗಿ ಬಣ್ಣ ಆಗೇದ್ರಿ," ಎಂದಳು.

ಬಾಯಾರ ಮುಖ ಸಣ್ಣದಾಯಿತು. ಕಣ್ಣಿನ ನರ ಅಮುಕಿಸಿಕೊಳ್ಳತೊಡಗಿದರೆ ಮೊದಲು ಮಸುಕಾಗುವುದು ಬಣ್ಣ, ಆಮೇಲೆ ನೋಟ. ಅಂದೇ ದಾಖಲು ಮಾಡಿಕೊಂಡು ಸ್ಟೆರಾಯ್ಡ್ ಸಲೈನ್ ಶುರು ಮಾಡಿದರು. ಆದರೆ ಥೈರಾಯ್ಡ್ ಹತೋಟಿಗೆ ಬರದಿದ್ದರೆ ಕಣ್ಣು ಮತ್ತೆ ಕೆರಳುತ್ತದೆ ಎಂದರು. "ಗುಳಿಗಿ ತಪ್ಪಿಸಿಲ್ರೀ, ದಿನಾ ಮೂರು, ನಾನ ಕೈಯಾಗ ಕೊಡತೇನಿ," ಎಂದು ಸಾವಿತ್ರೆವ್ವ ಆಣೆ ಮಾಡಿದಳು. ನನಗೆ ಆಣೆಯ ಮೇಲೂ ಸಂಶಯ.

ಆ ಬುಧವಾರ ತಿಕೋಟಾದಲ್ಲಿ ನಮ್ಮ ಕಣ್ಣಿನ ಶಿಬಿರ ಇತ್ತು. "ಗಂಗವ್ವ, ಮುಗಿದ ಮ್ಯಾಲೆ ಹಂಗ ಕಳ್ಳಕವಟಗಿಗೆ ಹೋಗಿ ಆ ಗುಳಿಗಿ ನೋಡ್ಕೊಂಡು ಬಾ," ಎಂದು ಬಾಯಾರು ನನ್ನನ್ನು ವ್ಯಾನಿನಲ್ಲಿ ಕಳಿಸಿದರು. ಸುರೇಖಾ ಆಸ್ಪತ್ರೆಯಲ್ಲಿದ್ದಳು, ಬಟ್ಟೆ ಒಯ್ಯಲು ತಾಯಿ ಊರಿಗೆ ಬಂದಿದ್ದಳು. ಪಡಸಾಲೆಯಲ್ಲಿ, ಸುರೇಖಾ ಮಲಗುವ ಹಾಸಿಗೆಯ ಪಕ್ಕದಲ್ಲೇ, ಅವಳ ಅಪ್ಪ ಬೀಡಿ ಎಳೆಯುತ್ತ ಕೂತಿದ್ದ.

"ಏನ್ರಿ ಯಜಮಾನ್ರ, ಈ ಮನ್ಯಾಗ ಯಾರೂ ಬೀಡಿ ಸೇದಂಗಿಲ್ಲಂತಲ್ಲ?"

"ಆಕಿ ಹೇಳ್ಯಾಳಂದ್ರ ಖರೇನ ಇರಬೇಕ್ರಿ. ಆಕಿ ನನ್ನ ಮನಿ ಮಂದ್ಯಾಗ ಹಿಡಿಯಂಗಿಲ್ಲ."

ಗುಳಿಗೆ ಕೇಳಿದೆ. ಸಾವಿತ್ರೆವ್ವ ಒಲ್ಲದ ಮನಸ್ಸಿನಿಂದ ಗೋಡೆಯ ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿ ತಂದಳು. ಮುಚ್ಚಳ ತೆಗೆದೆ. ಒಳಗೆ ಗುಲಾಬಿ ಬಣ್ಣದವೂ ಬಿಳಿಯವೂ ಕಲಸಿಕೊಂಡು ಬಿದ್ದಿದ್ದವು. ಸುರೇಖಾಳಿಗೆ ಬರೆದದ್ದು ಗುಲಾಬಿ ಮಾತ್ರ.

"ಬಿಳೀವು ಯಾರವು?"

ಸಾವಿತ್ರೆವ್ವ ಡಬ್ಬಿ ಕಸಿದುಕೊಳ್ಳಲು ಕೈ ಚಾಚಿದಳು. ಬಾಗಿಲ ಮರೆಯಿಂದ ಸಣ್ಣ ಮಗಳು ಭಾಗ್ಯಶ್ರೀ ಹೊರಗೆ ಬಂದಳು. ಮುಖ ಬಾತಿತ್ತು, ಧ್ವನಿ ಒಡೆದಿತ್ತು.

"ನನ್ನವರಿ."

"ಬಾಯಿ ಮುಚ್ಚ ಬೇ. ಶುಕ್ರವಾರ ನಿನ್ನ ನೋಡಾಕ ಮಂದಿ ಬರಾಕತ್ತಾರ."

"ಅಕ್ಕನ ಕಣ್ಣ ಹೊಂಟಾವ ಯವ್ವಾ. ಮಂದಿ ಬಂದು ನೋಡಿ ಏನ್ಮಾಡ್ತಾರ?"

ಆಗ ಎಲ್ಲ ಹೊರಬಿತ್ತು. ಭಾಗ್ಯಶ್ರೀಗೂ ಥೈರಾಯ್ಡ್ ಇತ್ತು, ಆದರೆ ಅಕ್ಕನಿಗೆ ಹೆಚ್ಚಾದರೆ ಇವಳಿಗೆ ಕಡಿಮೆ. ಬಿಳಿ ಗುಳಿಗೆ ಏರಿಸುವುದು, ಗುಲಾಬಿ ಇಳಿಸುವುದು. ಹೆಣ್ಣು ನೋಡಲು ಬಂದವರು ಬಾಟಲಿಯ ಮೇಲಿನ ಹೆಸರು ಓದಿಯಾರೆಂದು ಸಾವಿತ್ರೆವ್ವ ಬಾಟಲಿಗಳನ್ನು ತಿಪ್ಪೆಗೆಸೆದು ಎರಡನ್ನೂ ಒಂದೇ ಡಬ್ಬಿಗೆ ಸುರಿದಿದ್ದಳು. ದೊಡ್ಡವಳಿಗೆ ಮೂರು, ಸಣ್ಣವಳಿಗೆ ಒಂದು, ಕೈಗೆ ಸಿಕ್ಕದ್ದು.

"ಎರಡೂ ಥೈರಾಯ್ಡಿನವ ಅಲ್ಲೇನ್ರಿ?" ಎಂದಳು. ಅದರಲ್ಲಿ ಕಪಟ ಇರಲಿಲ್ಲ. ಒಬ್ಬ ಮಗಳ ಲಗ್ನ ಉಳಿಸಲು ಹೋಗಿ ಇನ್ನೊಬ್ಬಳ ಬೆಂಕಿಗೆ ತನ್ನ ಕೈಯಾರೆ ಎಣ್ಣೆ ಹಾಕಿದ್ದಳು. ನಾನು ತಿಳಿಸಿ ಹೇಳಿದಾಗ ಡಬ್ಬಿಯನ್ನೆಲ್ಲ ತನ್ನ ಸೆರಗಿಗೆ ಸುರಿದುಕೊಂಡಳು.

ಗುಳಿಗೆ ಬೇರೆ ಮಾಡಿದೆವು. ಭಾಗ್ಯಶ್ರೀ ನನ್ನ ಜೊತೆಗೇ ವ್ಯಾನು ಹತ್ತಿ ಬಂದು ಬಾಯಾರ ಮುಂದೆ ತಾನೇ ಹೇಳಿದಳು. ಸುರೇಖಾಳಿಗೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಸಲೈನ್ ಕೊಟ್ಟರು, ಕೊಲೆಸ್ಟರಾಲಿಗೂ ಗುಳಿಗೆ ಹಚ್ಚಿದರು. ಅಪ್ಪನ ಬೀಡಿ ಹೊಲಕ್ಕೆ ಹೋಯಿತು. ಕಣ್ಣು ಇಪ್ಪತ್ತಕ್ಕೆ ಇಳಿದು ನಿಂತಿತು, ನೋಟ ಉಳಿಯಿತು. ಸುರೇಖಾ ಬಬಲೇಶ್ವರಕ್ಕೆ ಹೋದಳು.

ಶುಕ್ರವಾರದವರು ಮಾತ್ರ ಬರಲಿಲ್ಲ. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆದರೆ ಆಸ್ಪತ್ರೆಯ ಹೆಸರು ಬರೆದ ವ್ಯಾನನ್ನು ಅವರ ಬಾಗಿಲಲ್ಲೇ ಒಂದು ತಾಸು ನಿಲ್ಲಿಸಿದವಳು ನಾನೇ. ಓಣಿಯ ಆಚೆ ನಿಲ್ಲಿಸು ಎನ್ನಲು ನನಗೆ ಹೊಳೆಯಲಿಲ್ಲ. ಅದು ಬಹಳ ದಿನ ಚುಚ್ಚಿತು.

ವರ್ಷದ ಮೇಲೆ, ತೊರವಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ನನ್ನ ಮಗ ಸಂತೋಷನನ್ನು ಕೇಳಿ, ಅವನು ಒಪ್ಪಿದ ಮೇಲೆ ಕಳ್ಳಕವಟಗಿಗೆ ಹೋದೆ. ಕಳೆದದ್ದನ್ನು ತುಂಬಿಕೊಡಲೆಂದಲ್ಲ, ಅಕ್ಕನ ಕಣ್ಣಿಗಾಗಿ ತನ್ನ ಲಗ್ನದ ಮಾತನ್ನು ಬದಿಗಿಟ್ಟ ಹುಡುಗಿ ನನಗೆ ಬೇಕಾಗಿತ್ತು. ಸಾವಿತ್ರೆವ್ವ ಮಾತ್ರ ನನ್ನನ್ನೇ ಗುಮಾನಿಯಿಂದ ನೋಡಿದಳು.

"ಎಲ್ಲಾ ಗೊತ್ತಿದ್ದೂ ಕೇಳಾಕ ಬಂದೀರಿ. ನಿಮ್ಮ ಮಗಗ ಏನರ ಐಬು ಐತೇನ್ರಿ?"

ಅದಕ್ಕೇ ಕಾಯುತ್ತಿದ್ದೆ. ಚೀಲದಿಂದ ನಮ್ಮ ಮನೆಯ ಗುಳಿಗೆ ಡಬ್ಬಿ ತೆಗೆದು ಅವಳ ಮುಂದಿಟ್ಟೆ. "ಇದು ನನ್ನ ಬಿಪಿದು, ಇದು ಸಕ್ರಿದು. ಅಂವಂದು ಏನಿಲ್ಲ. ತಗದು ನೋಡ್ರಿ." ಅವಳು ನಿಜಕ್ಕೂ ಒಂದೊಂದೇ ತೆಗೆದು ನೋಡಿದಳು.

ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರೆ ಮರ್ಯಾದೆ ಉತ್ತರ ಕೊಡುತ್ತದೆ. ನಿಮ್ಮ ಗುಳಿಗೆ ಡಬ್ಬಿ ತೋರಿಸಿ ಎಂದರೆ ರೋಗ ಉತ್ತರ ಕೊಡುತ್ತದೆ. ಇಪ್ಪತ್ತಾರು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕೇಳುವವಳು ಮೊದಲು ತನ್ನ ಡಬ್ಬಿ ತೆರೆದಿಡಬೇಕೆಂದು ಸಾವಿತ್ರೆವ್ವ ಕಲಿಸಿದಳು.

ಮೊಮ್ಮಗಳು ಹುಟ್ಟಿದ ನಾಲ್ಕನೇ ದಿನ ಹಿಮ್ಮಡಿ ಚುಚ್ಚಿ ಥೈರಾಯ್ಡ್ ನೋಡಿದರು, ಸರಿ ಇದೆ. ಆದರೂ ಹಾಳು ಚಟ, ದಿನಾ ಕಿಟಕಿಗೆ ಹಿಡಿದು ಅವಳ ಕಣ್ಣು ನೋಡುತ್ತೇನೆ. "ಅತ್ತೀ, ಅವು ನಿಮ್ಮ ಮಗನ ಕಣ್ಣರಿ, ಸುಮ್ನ ಇರ್ರಿ," ಎಂದು ಭಾಗ್ಯಶ್ರೀ ನಗುತ್ತಾಳೆ. ನಾಳೆ ತೊಟ್ಟಿಲು. ಸುರೇಖಾ ನಿನ್ನೆಯೇ ಬಬಲೇಶ್ವರದಿಂದ ಬಂದಿದ್ದಾಳೆ, ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ ತಂದಿದ್ದಾಳೆ. ಅಚ್ಚ ಕೆಂಪು. ನಾನು ಅದನ್ನು ಅವಳ ಮುಂದೆ ಎತ್ತಿ ಹಿಡಿದೆ. ಅವಳು ನಕ್ಕು, ತಾನಾಗಿಯೇ ಎಡಗಣ್ಣು ಮುಚ್ಚಿಕೊಂಡಳು.

"ಕೆಂಪ ಐತ್ರಿ ಆಯಾರ. ಇನ್ನರ ಕೂಸಿಗೆ ಹಾಕ್ರಿ."