ಅದಿರಿಲ್ಲದ ಗ್ರಹಗಳು

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೇ. ಹಾಗಂತ ಮನೆಯವರು ನಂಬಿದ್ದರು. ಮನೆಯವರಷ್ಟೇ ಅಲ್ಲ, ಸಂಡೂರಿನ ಮೇಲಿನ ಗುಡ್ಡದಲ್ಲಿದ್ದ ನಮ್ಮ ಮೈನ್ಸ್ ಕಾಲೊನಿಯ ಎರಡೂ ಸಾಲಿನವರು ನಂಬಿದ್ದರು. ಮಿಕ್ಸರ್ ಜೊತೆ ಬಂದ ಪುಸ್ತಕ, ಶಾಂಪೂ ಬಾಟಲಿಯ ಬೆನ್ನಿನ ಬರಹ, ಬಿಸ್ಕತ್ತಿನ ಡಬ್ಬಿ, ಎಲ್ಲವೂ ನನ್ನ ಹತ್ತಿರ ಬರುತ್ತಿದ್ದವು. ನಾನು ಹುಬ್ಬು ಗಂಟಿಕ್ಕಿ ನೋಡಿ, "ಬಿಸಲಾಗ ಇಡಬಾರದಂತ" ಎಂದು ಹೇಳಿ ಕಳಿಸುತ್ತಿದ್ದೆ. ಯಾವ ವಸ್ತುವಿಗೂ ಸಲ್ಲುವ ಮಾತು ಅದು. ಒಬ್ಬರೂ ಎದುರಾಡಲಿಲ್ಲ.

ನಿಜ ಏನೆಂದರೆ, ನಾನು ಬಿ.ಎ. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಎಲ್ಲ ದಾಟಿದ್ದವು. ಅದೊಂದು ದಾಟದೆ ಡಿಗ್ರಿ ಕೈಗೆ ಬರುವಂತಿರಲಿಲ್ಲ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳೇ ನಾನು ಮೊದಲು. ಅಪ್ಪ ಆಗಲೇ ಸಂಡೂರಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯವರೆಗೆ "ನನ್ನ ಮಗಳು ಡಿಗ್ರಿ ಮುಗಿಸ್ಯಾಳ" ಎಂದು ಹೇಳಿಕೊಂಡು ಬಂದಿದ್ದ. ಕೇಳಿದಾಗಲೆಲ್ಲ ನಾನು, "ರಿಸಲ್ಟ್ ತಡ ಐತಿ" ಅನ್ನುತ್ತಿದ್ದೆ. ಯೂನಿವರ್ಸಿಟಿಯವರ ಕೆಲಸ ತಡವಾಗುತ್ತದೆ ಎಂದರೆ ನಮ್ಮ ಕಡೆ ಯಾರೂ ಸಾಕ್ಷಿ ಕೇಳುವುದಿಲ್ಲ. ಮೂರನೆಯ ಪ್ರಯತ್ನಕ್ಕೆ ನಾಲ್ಕು ತಿಂಗಳಿತ್ತು.

ಅಂಥ ಹೊತ್ತಿನಲ್ಲಿ ನಮ್ಮ ಸೋದರಮಾವ ಒಂದು ಡಬ್ಬಿ ತಂದ. ಮಾವ ಕಂಪ್ಲಿಯವನು, ಹಂಪಿಯಲ್ಲಿ ಹೊಳೆಯಾಚೆಯ ಒಂದು ಗೆಸ್ಟ್ ಹೌಸಿನಲ್ಲಿ ಅಡುಗೆ ಮಾಡುತ್ತಿದ್ದ. ಅಲ್ಲಿ ಮೂರು ತಿಂಗಳಿದ್ದ ಇಂಗ್ಲೆಂಡಿನ ಮುದುಕರೊಬ್ಬರು ಹೊರಡುವಾಗ, ಅಕ್ಕನ ಮಗಳು ಕಾಲೇಜು ಓದುತ್ತಾಳೆಂದು ಮಾವ ಹೇಳಿದ್ದಕ್ಕೆ, ಆರು ಡಿಸ್ಕುಗಳನ್ನು ಕೊಟ್ಟು ಹೋಗಿದ್ದರು. ಅವರ ದೇಶದ ಹಳೆಯ ವಿಜ್ಞಾನ-ಕಲ್ಪನೆಯ ಧಾರಾವಾಹಿ, ಒಂದು ಸೀಸನ್ ಪೂರ್ತಿ. ಧಾರಾವಾಹಿಯ ಹೆಸರು ಹೇಳುವುದಿಲ್ಲ. ಅದಕ್ಕೆ ದೇಶದೇಶಗಳಲ್ಲಿ ಅಭಿಮಾನಿಗಳಿದ್ದಾರೆಂದು ಆಮೇಲೆ ಗೊತ್ತಾಯಿತು, ಮತ್ತು ನಾನು ಅದಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ.

ಅದು ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ. ಮನೆಮನೆಗೆ ಕಲರ್ ಟಿ.ವಿ. ಬಂದಿತ್ತು, ನಮ್ಮಲ್ಲಿ ಡಿ.ವಿ.ಡಿ. ಪ್ಲೇಯರೂ ಇತ್ತು. ಭಾನುವಾರ ಬ್ಲಾಸ್ಟಿಂಗ್ ಇರುತ್ತಿರಲಿಲ್ಲ. ಬೆಳಿಗ್ಗೆ ಜೋಳದ ರೊಟ್ಟಿ ತಿಂದು ಎಲ್ಲರೂ ನಮ್ಮ ಪಡಸಾಲೆಗೆ ಬಂದು ಕೂತರು. ಮುಂದಿನ ಸಾಲಿನಲ್ಲಿ ಎಮ್ಮಿಗನೂರು ಅತ್ತಿ. ಗದ್ದೆಯ ಊರಿನಿಂದ ಬಂದು ಅವ್ವನ ಜೊತೆ ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಕಲ್ಲು ಒಡೆಯುತ್ತಿದ್ದ ಅವಳಿಗೆ ಕೈಯಲ್ಲಿ ಸುತ್ತಿಗೆಯಿಲ್ಲದ ದಿನ ಬಾಯೇ ಸುತ್ತಿಗೆ.

"ಕನ್ನಡದಾಗ ಹೇಳ್ಬೇ," ಎಂದಳು ಅತ್ತಿ. "ನಾವೇನು ನಿನ್ನಂಗ ಡಿಗ್ರಿ ಮಾಡೀವೇನು?"

ಕತೆ ಶುರುವಾಯಿತು. ಕೆದರಿದ ಕೂದಲಿನ ಒಬ್ಬ ವಿಜ್ಞಾನಿ, ಕೆಂಪು ಸ್ವೆಟರ್ ಹಾಕಿದ ಒಬ್ಬ ಹುಡುಗಿ. ಇಬ್ಬರೂ ಒಂದು ವಾಹನದಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುತ್ತಾರೆ. ಇಷ್ಟು ನೋಡಿದರೇ ತಿಳಿಯುತ್ತಿತ್ತು. ಆದರೆ ಅವರು ಬಾಯಿ ಬಿಟ್ಟರೆ ಒಂದಕ್ಷರ ನನಗೆ ತಿಳಿಯಲಿಲ್ಲ. ನಮ್ಮ ಕಾಲೇಜಿನ ಇಂಗ್ಲಿಷಿಗೂ ಅವರ ಇಂಗ್ಲಿಷಿಗೂ ನೆಂಟಸ್ತನವೇ ಇದ್ದಂತೆ ಕಾಣಲಿಲ್ಲ. ಕೆಳಗೆ ಅಕ್ಷರವೂ ಬರುತ್ತಿರಲಿಲ್ಲ. ಹನ್ನೆರಡು ಜನ ನನ್ನ ಮುಖ ನೋಡುತ್ತಿದ್ದರು.

ನಾನು ಕತೆ ಕಟ್ಟಿದೆ. ವಿಜ್ಞಾನಿ ಆ ಹುಡುಗಿಯ ಸೋದರಮಾವ, ಅವಳಿಗೆ ವರ ನೋಡಲು ಗ್ರಹಗಳನ್ನು ಸುತ್ತುತ್ತಿದ್ದಾನೆ ಎಂದೆ. ಪಡಸಾಲೆ ಒಪ್ಪಿಕೊಂಡಿತು.

ಒಪ್ಪದಿದ್ದವನು ಅಪ್ಪ ಒಬ್ಬನೇ. ಅವನ ತಕರಾರು ಕತೆಯ ಮೇಲಲ್ಲ, ಗ್ರಹದ ಮೇಲೆ.

"ಇದು ಗ್ರಹ ಅಲ್ಲಲೇ, ಮೈನ್ಸ್ ಇದು," ಎಂದ.

ಅಪ್ಪ ಇಪ್ಪತ್ತು ವರ್ಷ ಬಂಡೆಗೆ ಹೋಲ್ ಕೊರೆದು ಮದ್ದು ತುಂಬುವ ಗ್ಯಾಂಗಿನಲ್ಲಿದ್ದವನು. ಸಿಡಿತದ ಸದ್ದಿಗೆ ಕಿವಿ ಮಂದವಾದ ಮೇಲೆ ಕೆಂಪು ಬಾವುಟ, ಸೀಟಿ ಕೊಟ್ಟು ರಸ್ತೆಯಲ್ಲಿ ನಿಲ್ಲಿಸಿದ್ದರು. ಸಿಡಿಯುವ ಮುಂಚೆ ಟಿಪ್ಪರು, ಬಸ್ಸು, ಕುರಿ, ಎಲ್ಲವನ್ನೂ ತಡೆಯುವ ಕೆಲಸ. ಟಿ.ವಿ.ಯ ಮಾತು ಅವನಿಗೆ ಕೇಳಿಸುತ್ತಿದ್ದುದೇ ಕಡಿಮೆ. ಹಾಗಾಗಿ ಅವನು ಕತೆ ಕೇಳುತ್ತಿರಲಿಲ್ಲ, ನೋಡುತ್ತಿದ್ದ.

"ಮೆಟ್ಟಲಾ ಮೆಟ್ಟಲಾ ಬೆಂಚ್ ಹೆಂಗ ಕಡ್ದಾರ ನೋಡು. ಅಲ್ಲಿ ಲಾರಿ ದಾರಿ. ಮ್ಯಾಲೆ ಡ್ರಿಲ್ ಹೊಡದ ಗುರ್ತು."

ಗ್ಯಾಂಗಿನ ಗಂಡಸರೆಲ್ಲ ಮುಂದೆ ಬಗ್ಗಿ ನೋಡಿದರು. ಹೌದು, ಮೈನ್ಸೇ. ಎರಡನೆಯ ಗ್ರಹವೂ ಮೈನ್ಸೇ. ಮೂರನೆಯದು ಮೊದಲನೆಯ ಮೈನ್ಸನ್ನೇ ಹಿಂದಿನಿಂದ ತೋರಿಸಿದ್ದು ಎಂದು ಅಪ್ಪ ಒಂದು ಬಂಡೆಯ ಗುರುತು ಹಿಡಿದು ಹೇಳಿದ. ಆ ಧಾರಾವಾಹಿ ಮಾಡಿದವರು ದುಡ್ಡಿಲ್ಲದೆ ಬೇರೆ ಲೋಕಗಳನ್ನೆಲ್ಲ ಕಲ್ಲುಗಣಿಗಳಲ್ಲಿ ಚಿತ್ರೀಕರಿಸುತ್ತಿದ್ದರು ಎಂದು ನಾನು ವರ್ಷಗಳ ನಂತರ ಓದಿದೆ. ನಮ್ಮಪ್ಪನಿಗೆ ಅದು ಹತ್ತು ನಿಮಿಷದಲ್ಲಿ ಗೊತ್ತಾಗಿತ್ತು.

"ಅದಿರು ಎಲ್ಲೈತಿ? ಬರೇ ಸುಣ್ಣಕಲ್ಲು," ಎಂದ. "ಈ ಕಲ್ಲಿಗೆ ಇಷ್ಟ್ಯಾಕ ಬಡದಾಡ್ತಾರ?"

"ಅಣ್ಣಾ, ಲೋಡ್ ಯಾವಾಗ ಮಾಡ್ತಾರ?" ಎಂದು ಒಬ್ಬರು ಕೇಳಿದರು.

ಎಮ್ಮಿಗನೂರು ಅತ್ತಿಯದು ಬೇರೆ ಚಿಂತೆ. "ಒಂದು ಗದ್ದಿ ಇಲ್ಲ, ಒಂದು ಕಾಲುವಿ ಇಲ್ಲ. ಏನ್ ತಿಂತಾರ ಇವ್ರು? ಇಂಥಾ ಊರಿಗೆ ಹೆಣ್ಣು ಕೊಡಾಕ ಹೊಂಟಾನಲ್ಲ ಆ ಮಾವ!"

ಹೀಗೆ ಭಾನುವಾರಕ್ಕೊಂದು ಡಿಸ್ಕು. ಪ್ರತಿ ಕಂತೂ ಯಾರದಾದರೂ ಕುತ್ತಿಗೆ ಸಿಕ್ಕಿಕೊಂಡ ಜಾಗದಲ್ಲಿ ನಿಲ್ಲುತ್ತಿತ್ತು. ಎರಡನೆಯ ಡಿಸ್ಕಿನ ಕೊನೆಗೆ ರಬ್ಬರಿನ ಪ್ರಾಣಿಯೊಂದು ಕೆಂಪು ಸ್ವೆಟರ್ ಹುಡುಗಿಯನ್ನು ಹಿಡಿಯಿತು. ನನಗೂ ಸಾಕಾಗಿತ್ತು. "ಸತ್ತಳು" ಎಂದುಬಿಟ್ಟೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನ ಭಾನುವಾರ ಆ ಹುಡುಗಿ ಅದೇ ಸ್ವೆಟರಿನಲ್ಲಿ ನಗುತ್ತ ಬಂದಳು.

"ಏನ್ಬೇ, ತಿಥಿ ಊಟಾನ ಮುಗಿದಿಲ್ಲ, ಬಂದಾಳಲ್ಲ?" ಎಂದಳು ಅತ್ತಿ.

"ಅದು ತಂಗಿ," ಎಂದೆ. "ಅವಳಿ."

"ಅಕ್ಕನ ಸ್ವೆಟರ್ ಹಾಕ್ಕೊಂಡಾಳ? ಚಲೋ ಮನಿತನ ಬಿಡು."

ಸಿಕ್ಕಿಬಿದ್ದದ್ದು ನಾಲ್ಕನೆಯ ಡಿಸ್ಕಿನಲ್ಲಿ. ಗಣಿಯ ಅಂಚಿನಲ್ಲಿ ವಿಜ್ಞಾನಿ ನಿಂತು ಎರಡೂ ಕೈ ಎತ್ತಿ ಏನೋ ಕೂಗಿದ. ನಾನು ಆರಾಮಾಗಿ, "ಹುಡುಗನ ಕಡೆಯವರು ಬಂದಾರ, ಬರ್ರಿ ಬರ್ರಿ ಅಂತ ಕರೀತಾನ" ಎಂದೆ.

"ಅಲ್ಲ," ಎಂದ ಅಪ್ಪ. "ಓಡ್ರಿ ಅಂತಾನ. ಸಿಡೀತೈತಿ ಈಗ."

ಅವನ ಮಾತು ಮುಗಿಯುವುದರೊಳಗೆ ಟಿ.ವಿ.ಯಲ್ಲಿ ಗುಡ್ಡ ಹಾರಿತು. ವರನ ಕಡೆಯವರೆಂದು ನಾನು ಹೇಳಿದವರೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿದರು.

ಅತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಎದ್ದು ಸ್ವಿಚ್ ಆರಿಸಿದ. "ಸೆಟ್ ಬಿಸಿ ಆಗೈತಿ. ಸಾಕು ಇವತ್ತಿಗೆ. ಹೋಗ್ರಿ, ಹೋಗ್ರಿ." ರಸ್ತೆಯಲ್ಲಿ ಟಿಪ್ಪರುಗಳನ್ನು ತಿರುಗಿಸುವ ಹಾಗೆಯೇ ಕೈಬೀಸಿ ಎಲ್ಲರನ್ನೂ ಹೊರಡಿಸಿದ.

ಎಲ್ಲರೂ ಹೋದ ಮೇಲೆ ನನ್ನೆದುರು ಕುಳಿತ. ಅವನಿಗೆ ನನ್ನ ಬಾಯಿ ಕಾಣಬೇಕು.

"ನಿಂಗ ಇಂಗ್ಲಿಷ್ ಬರ್ತೈತೋ ಇಲ್ಲೋ?"

"ಇಲ್ಲಪ್ಪ."

"ರಿಸಲ್ಟ್?"

"ಬಂದೈತಿ. ಎರಡು ಸಲ ಬಂದೈತಿ. ಎರಡು ಸಲಾನೂ ಫೇಲು. ಇಂಗ್ಲಿಷೊಂದ."

ಒಲೆಯ ಹತ್ತಿರ ಅವ್ವನ ಕೈ ನಿಂತಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಅವನು ಕೇಳಿದ್ದು ವಿಚಿತ್ರವಾದ ಪ್ರಶ್ನೆ.

"ಹೋಲ್ ತುಂಬಿ ಬೆಂಕಿ ಕೊಟ್ವಿ. ಸಿಡೀಲಿಲ್ಲ. ಏನ್ ಮಾಡ್ಬೇಕು?"

ಕಾಲೊನಿಯ ಮಕ್ಕಳಿಗೆಲ್ಲ ಇದು ಗೊತ್ತು. "ಹತ್ರ ಹೋಗಬಾರದು. ಕಾಯ್ಬೇಕು."

"ಆಮ್ಯಾಲೆ? ಅದ ಹೋಲ್‌ನಾಗ ಕೈ ಹಾಕ್ತೀವೇನು?"

"ಇಲ್ಲ."

"ಹಾಕಿದ್ರ ಕೈ ಹೋಗ್ತೈತಿ. ಹಂಗಂತ ಗುಡ್ಡ ಬಿಟ್ಟು ಮನಿಗೆ ಬರ್ತೀವೇನು? ಬಾಜೂಕ ಹೊಸಾ ಹೋಲ್ ಹೊಡೀತೀವಿ. ನೀ ಎರಡು ಸಲ ಅದ ಗೈಡು ಉರು ಹೊಡದಿ, ಅದ ಹೋಲ್‌ನಾಗ ಕೈ ಹಾಕಿದಿ. ಇದರಾಗ ಹೊಡಿ ಈಗ." ಡಬ್ಬಿಯನ್ನು ನನ್ನ ಕಡೆ ತಳ್ಳಿದ. "ಮೊದಲನೇದರಿಂದ. ತಿಳಿದಷ್ಟು ಹೇಳು. ತಿಳೀದಿದ್ರ ತಿಳೀಲಿಲ್ಲ ಅನ್ನು. ಸುಳ್ಳು ಒಂದು ಬ್ಯಾಡ."

ಆಮೇಲಿನ ಮೂರು ತಿಂಗಳು ನಾನು ಓದಿದ ಹಾಗೆ ಅದಕ್ಕೆ ಮುಂಚೆ ಓದಿಲ್ಲ. ಬೆಳಗಿನ ಬಸ್ಸಿಗೆ ಮೊದಲು ಒಂದು ತಾಸು, ರಿಮೋಟ್ ಒಂದು ಕೈಯಲ್ಲಿ, ಡಿಕ್ಷನರಿ ಇನ್ನೊಂದು ಕೈಯಲ್ಲಿ. ಒಂದು ವಾಕ್ಯ, ಹಿಂದಕ್ಕೆ, ಅದೇ ವಾಕ್ಯ, ಮತ್ತೆ ಹಿಂದಕ್ಕೆ. ಹೊಸಪೇಟೆಯ ಕಾಲೇಜಿನ ಲೈಬ್ರರಿಗೆ ಹೋಗುವ ದಾರಿಯಲ್ಲಿ ಟಿಪ್ಪರುಗಳ ಹಿಂದೆ ಬಸ್ಸು ಗಂಟೆಗಟ್ಟಲೆ ನಿಲ್ಲುತ್ತಿತ್ತು. ಕಿಟಕಿಯಿಂದ ಬಂದ ಕೆಂಪು ಧೂಳಿನಲ್ಲಿ ನನ್ನ ಬಿಳಿ ದುಪಟ್ಟ ಮೂಲ ಬಣ್ಣ ಮರೆತಿತ್ತು. ಎದುರಿನ ಸೀಟಿನ ಬೆನ್ನಿನ ಧೂಳಿನ ಮೇಲೆ ಬೆರಳಿನಿಂದ ಆ ವಾಕ್ಯ ಬರೆಯುತ್ತಿದ್ದೆ. ಒರೆಸುವ ತೊಂದರೆಯಿರಲಿಲ್ಲ, ತೋರಣಗಲ್ಲಿನ ಕ್ರಾಸಿನವರೆಗೆ ಹೊಸ ಧೂಳು ಕೂತು ಬರೆಯುವ ಪಾಟಿ ತಯಾರಾಗಿರುತ್ತಿತ್ತು.

ಭಾನುವಾರದ ಪಡಸಾಲೆಯಲ್ಲಿ ಎಲ್ಲರೆದುರು ಒಪ್ಪಿಕೊಂಡೆ. ಹೋದ ಸಲ ಹೇಳಿದ್ದೆಲ್ಲ ನನ್ನ ಸ್ವಂತದ್ದು, ಈ ಸಲ ಅವರದ್ದು ಹೇಳುತ್ತೇನೆ ಎಂದೆ. ಹೇಳಿದೆ. ವಿಜ್ಞಾನಿ ಆ ಹುಡುಗಿಯ ಮಾವನಲ್ಲ, ಅವಳಿಗೆ ವರ ನೋಡುತ್ತಲೂ ಇಲ್ಲ. ಅವಳು ತಾನಾಗಿ ಲೋಕ ನೋಡಲು ಹೊರಟವಳು. ಸತ್ತಿರಲಿಲ್ಲ, ಅವಳಿಯೂ ಇರಲಿಲ್ಲ. ನಡುನಡುವೆ "ಇದು ತಿಳೀಲಿಲ್ಲ" ಎಂದೆ. ಮೊದಲ ವಾರ ಅದನ್ನೇ ಹೆಚ್ಚು ಅಂದೆ.

"ಮೊದಲಿನ ಕತಿನ ಚಲೋ ಇತ್ತು," ಎಂದಳು ಎಮ್ಮಿಗನೂರು ಅತ್ತಿ, ಕೈಕಾಲು ಜಾಡಿಸಿ ಏಳುತ್ತ. "ಮದುವಿ ಊಟಾನ ಇಲ್ದಂಗ ಮಾಡಿದಿ." ಆದರೆ ಒಂದು ವಾರವೂ ತಪ್ಪಿಸಲಿಲ್ಲ. ಬರಬರುತ್ತ, ನಾನು "ತಿಳೀಲಿಲ್ಲ" ಎಂದ ಕಡೆ ಬೆರಳು ಮಡಿಸತೊಡಗಿದಳು. "ಹ್ವಾದ ವಾರ ಎರಡು ಕೈ ತುಂಬಿತ್ತು. ಇವತ್ತು ಒಂದ ಕೈ ನೋಡ್ಬೇ."

ಪರೀಕ್ಷೆಯಲ್ಲಿ, ಒಂದು ಸ್ಥಳವನ್ನು ವರ್ಣಿಸಿ ಗೆಳತಿಗೆ ಪತ್ರ ಬರೆಯಿರಿ ಎಂದು ಕೇಳಿದ್ದರು. ಹಿಂದಿನೆರಡು ಸಲ ಗೈಡಿನ ತಾಜಮಹಲನ್ನು ಬರೆದಿದ್ದೆ. ನೋಡಿರಲಿಲ್ಲ, ನಡುವೆ ಮರೆತೂ ಹೋಗಿತ್ತು. ಈ ಸಲ ನಮ್ಮ ಗುಡ್ಡವನ್ನೇ ಬರೆದೆ. ಈಗಷ್ಟೇ ವಾಹನದಿಂದಿಳಿದ ಹೊಸಬಳೊಬ್ಬಳ ಕಣ್ಣಿಗೆ ಅದು ಹೇಗೆ ಕಂಡೀತು ಎಂದು. ಮಣ್ಣು ಕೆಂಪು, ಎಲೆ ಕೆಂಪು, ನಾಯಿಯೂ ಕೆಂಪು. ಇಲ್ಲಿಯ ಜನ ಗುಡ್ಡವನ್ನು ಲಾರಿಗೆ ತುಂಬಿ ಸಮುದ್ರದ ಕಡೆ ಕಳಿಸುತ್ತಾರೆ. ಸಣ್ಣ ಸಣ್ಣ ವಾಕ್ಯ, ಆದರೆ ಒಂದೂ ಉರು ಹೊಡೆದದ್ದಲ್ಲ.

ರಿಸಲ್ಟ್ ನಿಜವಾಗಿಯೂ ತಡವಾಯಿತು. ಹೊಸಪೇಟೆಯ ಕಾಲೇಜಿನ ಬೋರ್ಡಿನಲ್ಲಿ ನನ್ನ ನಂಬರು ನೋಡಿ, ಮತ್ತೆ ನೋಡಿ, ಪಕ್ಕದಲ್ಲಿದ್ದ ಹುಡುಗಿಯಿಂದಲೂ ಓದಿಸಿ, ಸಂಡೂರಿನ ಬಸ್ಸು ಹತ್ತಿದೆ. ಸಂಡೂರಿನಲ್ಲಿ ಕಾಲೊನಿಯ ಬಸ್ಸು ಹಿಡಿದೆ. ಮಧ್ಯಾಹ್ನ. ಗುಡ್ಡದ ತಿರುವಿನಲ್ಲಿ ಬಸ್ಸು ನಿಂತಿತು. ಬ್ಲಾಸ್ಟಿಂಗ್ ಹೊತ್ತು. ಎದುರಿಗೆ ರಸ್ತೆಯ ನಡುವೆ ಕೆಂಪು ಬಾವುಟ ಹಿಡಿದು ಅಪ್ಪ.

ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದೆ. "ಅಪ್ಪಾ! ಪಾಸ್!"

ಅವನಿಗೆ ಕೇಳಿಸಲಿಲ್ಲ. ಪ್ರಯಾಣಿಕರಲ್ಲೊಬ್ಬಳು ತಲೆ ಹೊರಹಾಕಿದ್ದು ಮಾತ್ರ ಕಂಡಿತು. ಸೀಟಿ ಊದಿ, ಒಳಗೆ ಹೋಗು ಎಂದು ಬಾವುಟ ಬೀಸಿದ.

"ಏ ಅಕ್ಕಾ, ಒಳಗ ಕುಂದ್ರಿ," ಎಂದ ಕಂಡಕ್ಟರ್. "ಕಲ್ಲು ಬಿದ್ರ ನನ್ನ ಕೇಳ್ತಾರ."

"ಅವ್ರು ನಮ್ಮಪ್ಪ ರೀ. ನಾ ಡಿಗ್ರಿ ಪಾಸಾಗೀನಿ, ಹೇಳ್ಬೇಕು."

"ಡಿಗ್ರಿ ಆದವರಿಗೂ ಕಲ್ಲು ಬೀಳ್ತೈತಿ. ಕುಂದ್ರಿ."

ಕೂತೆ. ಗುಡ್ಡದ ಆಚೆ ಸಿಡಿಯತೊಡಗಿತು. ಅಪ್ಪನ ಎಡಗೈ ಬೆರಳುಗಳು ಮಡಿಯುತ್ತಿದ್ದವು. ತುಂಬಿದ ಹೋಲುಗಳೆಷ್ಟು, ಸಿಡಿದವೆಷ್ಟು, ಲೆಕ್ಕ ತಾಳೆಯಾಗದೆ ದಾರಿ ಬಿಡುವಂತಿಲ್ಲ. ಅವನು ಕಿವಿಯಿಂದ ಎಣಿಸುವುದಿಲ್ಲ, ಕಾಲಿನಿಂದ ಎಣಿಸುತ್ತಾನೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದ. ನಾನೂ ಬಸ್ಸಿನ ತಗಡಿಗೆ ಪಾದವೊತ್ತಿ ಎಣಿಸಿದೆ. ಏಳು. ಎಂಟು. ಸ್ವಲ್ಪ ತಡೆದು, ಒಂಬತ್ತು.

ಆಚೆಯಿಂದ ಸೈರನ್ ಆಯಿತು. ಅಪ್ಪ ಬಾವುಟ ಇಳಿಸಿದ. ಬಸ್ಸು ಅವನ ಪಕ್ಕಕ್ಕೆ ನಿಧಾನವಾಗಿ ಬಂದಾಗ ಕಿಟಕಿಯಲ್ಲಿ ನನ್ನ ಮುಖ ಕಂಡಿತು. ನಾನು ಏನೂ ಹೇಳುವ ಮೊದಲೇ ಅವನು ನನ್ನ ಮುಖ ಓದಿ ಆಗಿತ್ತು. ಆದರೂ ಕೇಳಿದ. "ಸಿಡೀತೇನು?"

"ಸಿಡೀತಪ್ಪ."

ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಸೀಟಿ ಬಾಯಿಗಿಟ್ಟು ಊದಿದ. ದಾರಿ ಬಿಡಲು ಒಂದು ಸಣ್ಣ ಸೀಟಿ ಸಾಕು. ಅವನದು ನಿಲ್ಲಲೇ ಇಲ್ಲ. ಹಿಂದಿನ ಟಿಪ್ಪರಿನವರೆಲ್ಲ ಇನ್ನೊಂದು ಸಿಡಿತವಿದೆಯೆಂದು ತಿಳಿದು ಬ್ರೇಕ್ ಹಾಕಿ ನಿಂತರು.